ಮಂಗ ಸತ್ತ ಕಾಡಿಗೆ ದನ ಬಿಡಬಹುದೇ?

ಮನೆ ಹತ್ತಿರದ ಕಾಡಲ್ಲಿ ಮಂಗ ಸತ್ತಿದೆ, ಅಲ್ಲೇ ಮೇಯುವ ದನದಿಂದ ಮಂಗನ ಕಾಯಿಲೆ (ಉಣುಗು, ಅಂದರೆ ಉಣ್ಣೆ ಕಚ್ಚಿ ಹರಡುವ ವೈರಸ್ ಜ್ವರ) ಬರುತ್ತಾ, ಹಾಲು ಕುಡಿಯಬಹುದಾ ಅಂತ ಕೇಳಿದ್ದೀರಿ. ಹಾಲಿನಿಂದ ಬಂದ ದಾಖಲೆ ಇಲ್ಲ; ಕಾಯಿಸಿ ಕುಡಿಯಿರಿ.

ಹಾಗಂತ ದನಕ್ಕೂ ಇದಕ್ಕೂ ನಂಟಿಲ್ಲ ಅಂದುಕೊಳ್ಳಬೇಡಿ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಲ್ಲಿ ಇದರ ವೈರಸ್ ಪತ್ತೆಯಾದ ಮೇಲೆ ನಡೆದ ಸಂಶೋಧನೆಗಳಲ್ಲಿ ಕಂಡದ್ದು ಇದು: ಬೆಳೆದ ಉಣುಗು ದನದ ರಕ್ತ ಹೀರಿ, ಕೆಳಗುದುರಿ, ದರಗಿನಲ್ಲಿ (ಉದುರಿದ ಒಣ ಎಲೆಯಲ್ಲಿ) ರಾಶಿ ಮೊಟ್ಟೆ ಇಡುತ್ತದೆ. ಮರಿಗಳು ಇಲಿ, ಹಕ್ಕಿ, ಮಂಗಗಳಿಗೆ ಹತ್ತುತ್ತವೆ. ವೈರಸ್ ಸಿಗುವುದು ಅಲ್ಲಿ. ನಮ್ಮನ್ನು ಕಚ್ಚುವುದು ಹೆಚ್ಚಾಗಿ ಕಣ್ಣಿಗೆ ಸುಲಭಕ್ಕೆ ಬೀಳದ ಎಳೆಯ ಉಣುಗು, ಡಿಸೆಂಬರ್‌ನಿಂದ ಮೇವರೆಗೆ. ಅಂದರೆ ದನ ರೋಗ ಹಂಚುವುದಿಲ್ಲ, ಉಣುಗನ್ನು ಸಾಕುತ್ತದೆ.

ಹಾಗಾಗಿ ಮಳೆ ಹಿಡಿಯೋವರೆಗೆ ಆ ಜಾಗಕ್ಕೆ ದನ ಬಿಡಬೇಡಿ. ಪಶುವೈದ್ಯರನ್ನು ಕೇಳಿ ಉಣುಗಿನ ಔಷಧಿ ಹಾಕಿಸಿ. ಅಲ್ಲಿಯ ದರಗು ಕೊಟ್ಟಿಗೆಗೆ ತರುವುದಂತೂ ಬೇಡವೇ ಬೇಡ, ನನ್ನ ಪ್ರಕಾರ ದನಕ್ಕಿಂತ ಅದೇ ದೊಡ್ಡ ಅಪಾಯ. ಮಂಗನ ಹೆಣದ ಹತ್ತಿರ ಹೋಗಬೇಡಿ (ಸತ್ತ ಮೇಲೆ ಉಣುಗುಗಳು ಇಳಿದು ಸುತ್ತ ಹರಡಿರುತ್ತವೆ), ಆರೋಗ್ಯ ಕೇಂದ್ರಕ್ಕೆ ತಿಳಿಸಿ. ಹಳೇ ಲಸಿಕೆ ಈಗ ಕೊಡುತ್ತಿಲ್ಲ. ಕಾಡಿಗೆ ಹೋಗಲೇಬೇಕಾದರೆ ಉಣುಗು ಹತ್ತದಂತೆ ತಡೆಯುವ ಡೇಪಾ ಎಣ್ಣೆ ಹಚ್ಚಿಕೊಳ್ಳಿ. ಜ್ವರ ಬಂದರೆ ಕಾಡಿಗೆ ಹೋಗಿದ್ದನ್ನು ಡಾಕ್ಟರಿಗೆ ಮೊದಲೇ ಹೇಳಿ.