ಹ್ಯೂಸ್ಟನ್‌ಗೆ ಬರುವ ಸಿವಿಲ್ ಇಂಜಿನಿಯರ್‌ಗೆ

ನಿಮ್ಮ ಪ್ರಶ್ನೆ ಓದಿದೆ. ದಾವಣಗೆರೆಯಲ್ಲಿ ಬಿ.ಇ. ಸಿವಿಲ್ ಮುಗಿಸಿ, ಬೆಂಗಳೂರಿನಲ್ಲಿ ರಸ್ತೆ, ಚರಂಡಿ ಡಿಸೈನ್ ಮಾಡಿದ್ದೀರಿ. ಈಗ ಅಮೆರಿಕದ ಟೆಕ್ಸಾಸ್ ರಾಜ್ಯದ ಹ್ಯೂಸ್ಟನ್‌ನಲ್ಲಿ ಕೆಲಸ ಸಿಕ್ಕಿದೆ. ಪಿ.ಇ. (ಪ್ರೊಫೆಷನಲ್ ಇಂಜಿನಿಯರ್) ಲೈಸೆನ್ಸ್ ಮಾಡಲೇಬೇಕಾ, ಅದಿಲ್ಲದೆ ಡ್ರಾಯಿಂಗ್‌ಗೆ ಸಹಿ ಹಾಕಬಹುದಾ, ಸರ್ವೆ ಕೆಲಸವನ್ನೂ ಹಿಡಿಯಬಹುದಾ, ಊಟ ಬಾಡಿಗೆ ಹೇಗೆ ಅಂತ ಕೇಳಿದ್ದೀರಿ.

ಊಟದ ಚಿಂತೆ ಬಿಡಿ, ಸೋನಾ ಮಸೂರಿ, ಸಾರಿನ ಪುಡಿ ಎಲ್ಲ ಸಿಗುತ್ತದೆ. ಬಾಡಿಗೆ ಎಷ್ಟು ಅನ್ನುವುದು ನಿಮ್ಮ ಆಫೀಸು ಎಲ್ಲಿದೆ ಅನ್ನುವುದರ ಮೇಲೆ. ಕಾರು ಬೇಕೇ ಬೇಕು. ಸೆಕೆ ಮಾತ್ರ ಜಾಸ್ತಿ.

ಲೈಸೆನ್ಸ್ ಇಲ್ಲದೆಯೂ ಪಿ.ಇ. ಒಬ್ಬರ ಕೈಕೆಳಗೆ ಕೆಲಸ ಮಾಡಬಹುದು. ಸಹಿ, ಸೀಲು ಹಾಕುವ ಹಾಗಿಲ್ಲ. ವಿಸಿಟಿಂಗ್ ಕಾರ್ಡಿನಲ್ಲಿ ಬರೀ ಇಂಜಿನಿಯರ್ ಅಂತ ಹಾಕಿಸುವ ಮೊದಲೂ ಕಂಪನಿಯಲ್ಲಿ ಕೇಳಿಕೊಳ್ಳಿ. ಊರಲ್ಲಿ ನಕ್ಷೆಯ ಮೇಲೆ ಎ.ಇ., ಎ.ಇ.ಇ., ಇ.ಇ. ಅಂತ ಒಬ್ಬರ ಮೇಲೊಬ್ಬ ಇಂಜಿನಿಯರ್ ಸಾಹೇಬರ ಸಹಿಗಳ ಸಾಲು ನೋಡಿ ಬಂದವನು ನಾನು. ಇಲ್ಲಿಗೆ ಬಂದ ಹೊಸದರಲ್ಲಿ ಹಾಳೆ ಹಾಳೆಗೂ ಒಬ್ಬರದೇ ಹೆಸರು, ನಂಬರು, ನಡುವೆ ನಕ್ಷತ್ರವಿರುವ ದುಂಡು ಸೀಲು ನೋಡಿದೆ. ಆ ಹೆಸರಿನವರು ನನ್ನ ಪಕ್ಕದ ಮೇಜಿನಲ್ಲೇ ಕೂತು ಕೆಲಸ ಮಾಡುತ್ತಿದ್ದರು. ಹೆಚ್ಚುಕಮ್ಮಿಯಾದರೆ ಮೊದಲು ಉತ್ತರ ಕೊಡಬೇಕಾದವರೂ ಅವರೇ.

ಲೈಸೆನ್ಸಿನ ಈ ಕಾನೂನು ಸುಮ್ನೆ ಬಂದದ್ದಲ್ಲ. 1937ರ ಮಾರ್ಚ್ 18ರಂದು ಪೂರ್ವ ಟೆಕ್ಸಾಸ್‌ನ ನ್ಯೂ ಲಂಡನ್ ಅನ್ನುವ ಊರಿನ ಶಾಲೆಯ ಅಡಿಯಲ್ಲಿ ಗ್ಯಾಸ್ ಸೋರಿ ತುಂಬಿಕೊಂಡಿತ್ತು. ಅದಕ್ಕೆ ವಾಸನೆಯೇ ಇರಲಿಲ್ಲ, ಯಾರಿಗೂ ಗೊತ್ತಾಗಲಿಲ್ಲ. ಒಂದು ಕಿಡಿ ಹತ್ತಿದ್ದೇ ಕಟ್ಟಡ ಸಿಡಿದುಹೋಯಿತು. ಸುಮಾರು 300 ಜನ ಸತ್ತರು, ಹೆಚ್ಚಿನವರು ಮಕ್ಕಳು. ಅದೇ ವರ್ಷ ಟೆಕ್ಸಾಸ್ ಸರ್ಕಾರ ಇಂಜಿನಿಯರ್‌ಗಳ ನೋಂದಣಿ ಕಾನೂನು ತಂದಿತು. ಬಂದ ಮೇಲೆ ಒಮ್ಮೆ ಆ ಊರಿಗೆ ಹೋಗಿ, ಸ್ಮಾರಕ ನೋಡಿ ಬನ್ನಿ.

ದಾರಿ ಹೀಗಿದೆ. ಮೊದಲು ಎಫ್.ಇ. (ಫಂಡಮೆಂಟಲ್ಸ್ ಆಫ್ ಇಂಜಿನಿಯರಿಂಗ್) ಪರೀಕ್ಷೆ, 110 ಪ್ರಶ್ನೆ. ಓದು ಮರೆಯುವ ಮೊದಲೇ ಬರೆದುಬಿಡಿ. ಆಮೇಲೆ ಪಿ.ಇ. ಪರೀಕ್ಷೆ, ಜೊತೆಗೆ ಲೈಸೆನ್ಸ್ ಇರುವವರು ದೃಢೀಕರಿಸಿದ ಅನುಭವ. ಲೈಸೆನ್ಸ್ ಕೊಡುವುದು ಆಸ್ಟಿನ್‌ನಲ್ಲಿರುವ ರಾಜ್ಯ ಮಂಡಳಿ. ಸಿಕ್ಕ ಮೇಲೂ ವರ್ಷಕ್ಕೆ 15 ಗಂಟೆ ಕಲಿಕೆ ತೋರಿಸಬೇಕು, ಅದರಲ್ಲಿ ಒಂದು ಗಂಟೆ ವೃತ್ತಿಯ ನೀತಿಯ ಬಗ್ಗೆ. ಪಕ್ಕದ ಲೂಸಿಯಾನಾದಲ್ಲಿ ಕೆಲಸ ಹಿಡಿದರೆ ಅಲ್ಲಿನ ಲೈಸೆನ್ಸ್ ಬೇರೆ.

ಸರ್ವೆಯ ಆಸೆ ಸದ್ಯಕ್ಕೆ ಬಿಡಿ. 2019ರಲ್ಲಿ ಇಂಜಿನಿಯರ್‌ಗಳ ಮಂಡಳಿ, ಸರ್ವೆಯರ್‌ಗಳ ಮಂಡಳಿ ಒಂದಾದವು. ಆದರೂ ಲೈಸೆನ್ಸ್ ಬೇರೆ ಬೇರೆಯೇ. ಜಮೀನಿನ ಗಡಿ ಗುರುತಿಸುವುದು ಸರ್ವೆಯರ್ ಕೆಲಸ. ಗುಂಟೆ, ಬಾಂದು ಕಲ್ಲು ಗೊತ್ತಿರುವ ನಮಗೆ ಇಲ್ಲಿನ ಹಳೇ ದಾಖಲೆಗಳು ಹೊಸದು. ಸ್ಪೇನ್ ಕಾಲದ ಅಳತೆ 'ವಾರಾ' ಇನ್ನೂ ಅವುಗಳಲ್ಲಿದೆ, ಒಂದು ವಾರಾ ಅಂದರೆ 33⅓ ಇಂಚು.

ನೀವು ಕೇಳದ ಒಂದು ವಿಷಯವನ್ನೇ ನಾನು ಹೆಚ್ಚು ಹೇಳಬೇಕು. ಸೀಲು ಕೈಗೆ ಬಂದ ಮೇಲೆ ನಮ್ಮವರು ಕೇಳಿಕೊಂಡು ಬರುತ್ತಾರೆ. ನನಗೊಬ್ಬ ಗೆಳೆಯನಿದ್ದ, ನಮ್ಮ ಕಡೆಯವನೇ. ಬಂದ ಹೊಸದರಲ್ಲಿ ಒಂದೇ ಮನೆಯಲ್ಲಿದ್ದೆವು. ನನಗೆ ಕಾರು ಕಲಿಸಿದ್ದೂ ಅವನೇ. ಮುಂದೆ ಅವನು ತನ್ನ ಅಂಗಡಿ ದೊಡ್ಡದು ಮಾಡಲು ಹೊರಟ. ಕಡಿಮೆ ದುಡ್ಡಿಗೆ ಯಾರೋ ನಕ್ಷೆ ಬರೆದುಕೊಟ್ಟಿದ್ದರು. ಪರ್ಮಿಟ್‌ಗೆ ಪಿ.ಇ. ಸೀಲು ಬೇಕಾಯಿತು. "ಎಲ್ಲ ರೆಡಿ ಇದೆ ಮಾರಾಯ, ಸುಮ್ನೆ ಒಂದು ಸೀಲು ಹಾಕಿಕೊಡು" ಅಂದ.

ನಾನೇ ಮಾಡಿದ ಅಥವಾ ನನ್ನ ನೇರ ಉಸ್ತುವಾರಿಯಲ್ಲಿ ಆದ ಕೆಲಸಕ್ಕೆ ಮಾತ್ರ ನಾನು ಸೀಲು ಹಾಕಬಹುದು. ಮೊದಲಿಂದ ಲೆಕ್ಕ ಹಾಕಿ ನಾನೇ ಮಾಡಿಕೊಡುತ್ತೇನೆ, ದುಡ್ಡು ಬೇಡ, ಸ್ವಲ್ಪ ಸಮಯ ಕೊಡು ಅಂದೆ. ಕಂಟ್ರಾಕ್ಟರ್ ಕಾಯುತ್ತಿದ್ದ, ಗೆಳೆಯನ ಹತ್ತಿರ ಸಮಯ ಇರಲಿಲ್ಲ. "ಇಷ್ಟು ವರ್ಷದ ಸ್ನೇಹಕ್ಕೆ ಒಂದು ಸೀಲು ಹೆಚ್ಚಾಯಿತಾ?" ಅಂತ ಕೇಳಿ ಎದ್ದುಹೋದ. ಊರಲ್ಲಿ ಇಂಥ ಮಾತಿಗೆ ಎಷ್ಟು ತೂಕ ಅಂತ ನಿಮಗೆ ಹೇಳಬೇಕಿಲ್ಲ ಅಲ್ವಾ? ಅಂದಿನಿಂದ ಎರಡು ಮನೆಗಳ ನಡುವೆ ಹಬ್ಬದ ಕರೆಯೂ ಇಲ್ಲ. ಅವನನ್ನು ಮಾಮ ಅನ್ನುತ್ತಿದ್ದ ನನ್ನ ಮಗಳು ಯಾಕೆ ಅಂತ ಕೇಳುವುದನ್ನೂ ಬಿಟ್ಟಿದ್ದಾಳೆ.

ಸೀಲು ಹಾಕಲಿಲ್ಲ ಅನ್ನುವ ಬೇಸರ ನನಗಿಲ್ಲ, ನಾಳೆ ಕೇಳಿದರೂ ಹಾಕುವುದಿಲ್ಲ. ಗೆಳೆಯ ದೂರವಾದ ಬೇಸರ ಇದೆ, ಹೋಗಿಲ್ಲ. ನೀವು ಮಾತ್ರ ಲೈಸೆನ್ಸ್ ಬಂದ ದಿನವೇ ನೆಂಟರಿಗೆ, ಗೆಳೆಯರಿಗೆ ಇದನ್ನೆಲ್ಲ ಹೇಳಿಬಿಡಿ. ಕೇಳುವ ಹೊತ್ತಿಗೆ ಹೇಳಿದರೆ ಅದು ಬರೀ 'ಇಲ್ಲ' ಅಂತಲೇ ಕೇಳಿಸುತ್ತದೆ.

ಇನ್ನು ಹೊರಡುವ ಮೊದಲು ಮಾಡಬೇಕಾದ್ದು. ನಿಮ್ಮ ಡಿಗ್ರಿ ಇಲ್ಲಿಯದಕ್ಕೆ ಸಮವೇ ಅಂತ ನೋಡುವವರು ಅಂಕಪಟ್ಟಿಯನ್ನು ವಿಶ್ವವಿದ್ಯಾಲಯದಿಂದಲೇ ನೇರವಾಗಿ ತರಿಸಿಕೊಳ್ಳುತ್ತಾರೆ. ಒಂದೊಂದು ವಿಷಯದ ಸಿಲೆಬಸ್ಸನ್ನೂ ಕೇಳುತ್ತಾರೆ. ಇಲ್ಲಿ ಕೂತು ಬೆಳಗಾವಿಗೆ ಫೋನ್ ಮಾಡುವುದಕ್ಕಿಂತ, ಈಗಲೇ ವಿ.ಟಿ.ಯು.ಗೆ ಹೋಗಿ ವಿಚಾರಿಸಿ. ನೀವು ಓದಿದ ವರ್ಷದ ಸಿಲೆಬಸ್ಸನ್ನೇ ತೆಗೆದುಕೊಳ್ಳಿ. ಬೆಂಗಳೂರಿನ ಸಾಹೇಬರಿಂದ ಯಾವ ಪ್ರಾಜೆಕ್ಟ್, ಎಷ್ಟು ತಿಂಗಳು, ನಿಮ್ಮ ಪಾಲಿನ ಕೆಲಸ ಯಾವುದು ಅಂತ ಬರೆಸಿ ಸಹಿ ಹಾಕಿಸಿಕೊಳ್ಳಿ. ಅವರು ನಿವೃತ್ತರಾದ ಮೇಲೆ ಹುಡುಕುವುದು ಕಷ್ಟ.