ರಾತ್ರಿ ಹನ್ನೊಂದರ ಮೆಸೇಜು ಮತ್ತು ಬುದ್ಧ

ಹುಬ್ಬಳ್ಳಿಯ ಓದುಗರೊಬ್ಬರ ಪತ್ರ: "ಖಾಸಗಿ ಹಣಕಾಸು ಕಂಪನಿಯೊಂದರ ಶಾಖೆ ನೋಡಿಕೊಳ್ಳುತ್ತೇನೆ. ರಾತ್ರಿ ಹನ್ನೊಂದಕ್ಕೆ ಮೇಲಿನವರಿಂದ ಗ್ರೂಪಿಗೆ ಟಾರ್ಗೆಟ್ ಬರುತ್ತದೆ. ಅದನ್ನು ನನ್ನ ಕೈಕೆಳಗಿನ ಹುಡುಗರಿಗೆ ಫಾರ್ವರ್ಡ್ ಮಾಡಿ ಮಲಗುತ್ತೇನೆ, ನಿದ್ದೆ ಬರುವುದಿಲ್ಲ. ಈಚೆಗೆ ಕಂಪನಿಯವರೇ ಮೈಂಡ್‌ಫುಲ್‌ನೆಸ್ ತರಬೇತಿ ಇಟ್ಟು, ಒತ್ತಡವಾದಾಗ ಉಸಿರು ಗಮನಿಸಿ, ಬುದ್ಧ ಹೇಳಿದ್ದೂ ಇದನ್ನೇ ಎಂದರು. ಆ್ಯಪ್ ಹಾಕಿಕೊಂಡು ಒಂದು ವಾರ ಕೂತೆ, ಬಿಟ್ಟುಹೋಯಿತು. ಸಹಿಸಿಕೊಂಡು ಹೋಗಿ ಅಂತಲೇ ಬುದ್ಧ ಹೇಳಿದ್ದು? ಹತ್ತು ದಿನದ ವಿಪಶ್ಯನ ಧ್ಯಾನ ಶಿಬಿರಕ್ಕೆ ಹೋಗಲೇ?"

ಆತ್ಮೀಯರೇ,

ಶಿಬಿರದ ಮಾತು ಆಮೇಲೆ. ಸಹಿಸಿಕೊಂಡು ಹೋಗುವ ವಿಚಾರವನ್ನು ಮೊದಲು ನೋಡೋಣ. ಕೆಲಸ ಮಾಡಿಸುವವರು ಹೇಗಿರಬೇಕು ಎಂದು ಬುದ್ಧ ಬಿಡಿಸಿ ಹೇಳಿದ್ದಾನೆ. ತರಬೇತಿಯಲ್ಲಿ ಅದನ್ನು ನಿಮಗೆ ತೋರಿಸಿರಲಾರರು.

ಬುದ್ಧನ ಉಪದೇಶಗಳ ಪಾಳಿ ಸಂಗ್ರಹವಾದ ದೀಘನಿಕಾಯದಲ್ಲಿ ಸಿಗಾಲ ಎಂಬ ಹುಡುಗನ ಪ್ರಸಂಗವಿದೆ. ರಾಜಗೃಹದ ಗೃಹಸ್ಥನೊಬ್ಬನ ಮಗ. ಬೆಳಗಾಗೆದ್ದು, ಒದ್ದೆ ಬಟ್ಟೆ, ಒದ್ದೆ ತಲೆಯಲ್ಲೇ ಆರೂ ದಿಕ್ಕಿಗೆ ಕೈಮುಗಿಯುತ್ತಿದ್ದ. ಯಾಕಪ್ಪಾ ಎಂದರೆ, ಸಾಯುವಾಗ ಅಪ್ಪ ಹೇಳಿದ್ದ, ಅದಕ್ಕೆ. ಭಿಕ್ಷೆಗೆ ಹೊರಟಿದ್ದ ಬುದ್ಧ ಅವನನ್ನು ಗೇಲಿ ಮಾಡಲಿಲ್ಲ. ಆ ದಿಕ್ಕುಗಳಲ್ಲಿ ಮನುಷ್ಯರನ್ನು ತಂದು ನಿಲ್ಲಿಸಿದ. ಮೂಡಲಲ್ಲಿ ತಾಯಿತಂದೆ, ತೆಂಕಲಲ್ಲಿ ಗುರುಗಳು, ಪಡುವಲಲ್ಲಿ ಹೆಂಡತಿ ಮಕ್ಕಳು, ಬಡಗಲಲ್ಲಿ ಗೆಳೆಯರು, ಮೇಲೆ ಶ್ರಮಣ ಬ್ರಾಹ್ಮಣರು, ಕೆಳಗೆ ಆಳುಕಾಳುಗಳು. ಈ ಕೆಳಗಿನ ದಿಕ್ಕಿಗೆ ಒಡೆಯ ಸಲ್ಲಿಸಬೇಕಾದದ್ದು 5: ಅವರವರ ಶಕ್ತಿ ನೋಡಿ ಕೆಲಸ ಹಂಚುವುದು, ಊಟ ಮತ್ತು ಕೂಲಿ ಕೊಡುವುದು, ಕಾಯಿಲೆ ಬಿದ್ದರೆ ಆರೈಕೆ ಮಾಡುವುದು, ವಿಶೇಷ ತಿನಿಸಿದ್ದರೆ ಅವರಿಗೂ ಪಾಲು ಕೊಡುವುದು, ಹೊತ್ತಿಗೆ ಸರಿಯಾಗಿ ಬಿಡುವು ಕೊಡುವುದು. ಶಕ್ತಿ ನೋಡಿ ಕೆಲಸ, ಹೊತ್ತಿಗೆ ಬಿಡುವು: ನಿಮ್ಮ ಪತ್ರದ ಗೋಳೆಲ್ಲ ಈ ಎರಡರಲ್ಲೇ ಇದೆ.

(ಆಳಾದವನಿಗೂ 5 ಕರ್ತವ್ಯಗಳಿವೆ. ಒಡೆಯನಿಗಿಂತ ಮೊದಲು ಏಳಬೇಕು, ಅವನು ಮಲಗಿದ ಮೇಲೆ ಮಲಗಬೇಕು ಎನ್ನುವುದು ಅದರಲ್ಲಿ ಸೇರಿದೆ. ನಿಮ್ಮ ಎಚ್.ಆರ್. ವಿಭಾಗದವರು ಆ ಸಾಲನ್ನಷ್ಟೇ ಓದಿಕೊಂಡರೆ ಕಷ್ಟ.)

ಆದರೆ ನೀವು ಆಳೂ ಹೌದು, ಒಡತಿಯೂ ಹೌದು. ಫಾರ್ವರ್ಡ್ ಮಾಡಿ ಮಲಗುತ್ತೇನೆ ಎಂದು ನೀವೇ ಬರೆದಿದ್ದೀರಿ. ನಿದ್ದೆ ಕೆಡಿಸುತ್ತಿರುವುದು ಬಂದ ಮೆಸೇಜಿಗಿಂತ ಹೋದ ಮೆಸೇಜು ಎಂದೇ ನನ್ನ ಅನುಮಾನ.

ಇದಕ್ಕೆ ಬುದ್ಧ ತನ್ನ ಮಗ ರಾಹುಲನಿಗೆ ಹೇಳಿದ್ದು ಒದಗೀತು, ಅಂಥದೇ ಇನ್ನೊಂದು ಸಂಗ್ರಹವಾದ ಮಜ್ಝಿಮನಿಕಾಯದಲ್ಲಿದೆ. "ಕನ್ನಡಿ ಇರುವುದು ಯಾತಕ್ಕೆ, ರಾಹುಲ?" "ನೋಡಿಕೊಳ್ಳಲಿಕ್ಕೆ." ಹಾಗೇ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಏನೇ ಮಾಡುವುದಿದ್ದರೂ ಮಾಡುವ ಮೊದಲು ನೋಡಿಕೋ, ಮಾಡುತ್ತಿರುವಾಗ ನೋಡಿಕೋ, ಮಾಡಿದ ಮೇಲೂ ನೋಡಿಕೋ: ಇದರಿಂದ ನನಗೆ ನೋವೇ, ಇತರರಿಗೆ ನೋವೇ? ಬೆರಳು ಫಾರ್ವರ್ಡ್ ಬಾಣದ ಮೇಲೆ ಇದೆ ಎನ್ನಿ. ಹನ್ನೊಂದು ಗಂಟೆಗೆ ಆ ಹುಡುಗ ಯಾವ ಗಿರಾಕಿಯ ಬಾಗಿಲು ತಟ್ಟಿಯಾನು? ಬೆಳಿಗ್ಗೆ ಒಂಬತ್ತಕ್ಕೆ ಕಳಿಸಿದರೂ ಟಾರ್ಗೆಟ್ ಅಷ್ಟೇ ಇರುತ್ತದೆ. ಬರೆಯುತ್ತಾ ಬರೆಯುತ್ತಾ "ಯಾರೂ ನೆಪ ಹೇಳಕೂಡದು" ಎಂದು ನಿಮ್ಮದೊಂದು ಸಾಲು ಸೇರಿಸಿದಿರಾ? ಅಲ್ಲೇ ನಿಲ್ಲಿಸಬಹುದು. ಕಳಿಸಿದ ಮೇಲೆ ತಪ್ಪೆನಿಸಿದರೆ ತಿಳಿದವರೆದುರು ಒಪ್ಪಿಕೊಂಡು ಮುಂದೆ ತಡೆದುಕೋ ಎಂದು ರಾಹುಲನಿಗೆ ಹೇಳಿದ್ದುಂಟು. ನೀವು ಹುಡುಗರಿಗೇ ಹೇಳಿಬಿಡಿ. ಅವರೇನೂ ಹಗುರವಾಗಿ ಕಾಣುವುದಿಲ್ಲ.

ಮೇಲಿನವರ ಜೊತೆಗೂ ಮಾತಾಡಬೇಕಾದೀತು. ಒಳ್ಳೆಯ ಮಾತಿಗೆ ಮತ್ತೊಂದು ಸಂಗ್ರಹ ಅಂಗುತ್ತರನಿಕಾಯ ಕೊಡುವ ಗುರುತುಗಳು: ಹೊತ್ತರಿತು ಆಡಿದ್ದು, ನಿಜವಾದದ್ದು, ಮೆದುವಾದದ್ದು, ಪ್ರಯೋಜನದ್ದು, ಮೈತ್ರಿಯಿಂದ ಹೊರಟದ್ದು. ಹೊತ್ತರಿಯುವುದು ಎಂದರೆ ಗ್ರೂಪಿನಲ್ಲಿ ಎಲ್ಲರ ಮುಂದೆ ಬೇಡ. ಎದುರಿಗೆ ಕೂತಾಗ, ಯಾವ ಹುಡುಗ ಎಷ್ಟು ಊರು ಸುತ್ತುತ್ತಾನೆ ಎಂಬ ಲೆಕ್ಕ ಕೈಯಲ್ಲಿಟ್ಟುಕೊಂಡು ಹೇಳಿ. ಬಾಗಿಲ ಹೊರಗೆ ನಿಂತು ಎರಡು ಉಸಿರು ಗಮನಿಸಿ ಒಳಗೆ ಹೋಗಿ, ಅದಕ್ಕೆ ನನ್ನ ಅಡ್ಡಿಯಿಲ್ಲ. ಕೇಳುತ್ತಾರೆ ಎಂಬ ಖಾತರಿಯನ್ನಂತೂ ನಾನು ಕೊಡಲಾರೆ.

ಉಸಿರಿನ ಅಭ್ಯಾಸವನ್ನು ಹೀಗಳೆಯುತ್ತಿಲ್ಲ. 1979ರಲ್ಲಿ ಅಮೆರಿಕದ ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ವೈದ್ಯಕೀಯ ಶಾಲೆಯಲ್ಲಿ ಜಾನ್ ಕಬಾಟ್ ಜಿನ್ ಇದನ್ನು ಕೆಲವು ವಾರಗಳ ಪಾಠವಾಗಿ ಕಟ್ಟಿದ್ದು, ಔಷಧಿಯಿಂದ ಹೋಗದ ನೋವು ಹೊತ್ತು ಬಂದ ರೋಗಿಗಳಿಗಾಗಿ. ಅವರಿಗೆ ಅದು ಬೇಕಿತ್ತು. ಆಸ್ಪತ್ರೆಯಿಂದ ಕಚೇರಿಗೆ ಬಂದಾಗ ತಕರಾರು ಶುರುವಾಗುತ್ತದೆ, ಯಾಕೆಂದರೆ ಅಲ್ಲಿ ನೋವು ಕೊಡುವವರೇ ಮದ್ದನ್ನೂ ಹಂಚುತ್ತಾರೆ. ಬುದ್ಧ ಹೇಳಿದ ಎಂಟು ಅಂಗಗಳ ಅಷ್ಟಾಂಗ ಮಾರ್ಗದಲ್ಲಿ ಸ್ಮೃತಿ, ಅಂದರೆ ಈ ಮೈಂಡ್‌ಫುಲ್‌ನೆಸ್, 7ನೆಯದು. ಸರಿಯಾದ ಮಾತು, ಸರಿಯಾದ ನಡತೆ, ಸರಿಯಾದ ಜೀವನೋಪಾಯ ಅದಕ್ಕಿಂತ ಮೊದಲು ಬರುತ್ತವೆ. 7ನೆಯದೊಂದನ್ನೇ ಕಿತ್ತು ತಂದರೆ ಒಡೆಯನಿಗೆ ಭಾರಿ ಅನುಕೂಲ.

ಆ್ಯಪ್ ಬಿಟ್ಟುಹೋಯಿತೆಂದು ಕೊರಗಬೇಡಿ. ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿಯ ಬಂಡೆಯ ಮೇಲೆ ಅಶೋಕನೇ ಬರೆಸಿದ್ದಾನೆ: ಉಪಾಸಕನಾಗಿ (ಬುದ್ಧನ ಗೃಹಸ್ಥ ಅನುಯಾಯಿಯಾಗಿ) ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಒಂದು ವರ್ಷ ಅಷ್ಟಾಗಿ ಶ್ರಮಪಡಲಿಲ್ಲ ಎಂದು. ಸಾಮ್ರಾಟನೇ ಹಾಗೆಂದ ಮೇಲೆ ನಮ್ಮದೇನು. ಇನ್ನು ಕೂರಲು ಪುರಸೊತ್ತಿಲ್ಲದಿದ್ದರೆ, ಸ್ಮೃತಿಯ ಅಭ್ಯಾಸ ಕುರಿತ ಬುದ್ಧನ ಉಪದೇಶವಾದ ಸತಿಪಟ್ಠಾನ ಸುತ್ತ ಕೂರುವುದನ್ನಷ್ಟೇ ಹೇಳುವುದಿಲ್ಲ. ನಡೆಯುವಾಗ, ಉಣ್ಣುವಾಗ, ಮಾತಾಡುವಾಗ, ಸುಮ್ಮನಿರುವಾಗ, ಕೊನೆಗೆ ಮಲಮೂತ್ರ ವಿಸರ್ಜನೆಯಲ್ಲೂ ಎಚ್ಚರವಿರಲಿ ಎನ್ನುತ್ತದೆ. ಅದನ್ನು ಉಪದೇಶಿಸಿದ ಕುರುದೇಶದಲ್ಲಿ ನೀರಿನ ಘಾಟಿನಲ್ಲಿ, ನೂಲುವ ಜಾಗದಲ್ಲಿ ಹೆಂಗಸರು ಇದೇ ಮಾತಾಡುತ್ತಿದ್ದರು ಎಂದು ಹಳೆಯ ವ್ಯಾಖ್ಯಾನ ಹೇಳುತ್ತದೆ. ಅವರಿಗೂ ಮನೆಗೆಲಸವಿತ್ತು.

ಶಿಬಿರಕ್ಕೆ ಧಾರಾಳವಾಗಿ ಹೋಗಿ. ವಿಪಶ್ಯನ ಗುರು ಎಸ್.ಎನ್. ಗೋಯೆಂಕಾ ಪರಂಪರೆಯದಾದರೆ ಶುಲ್ಕವಿಲ್ಲ, ಮೊದಲು ಕೂತು ಹೋದವರ ದಾನದಿಂದ ನಡೆಯುತ್ತದೆ. ಗೋಯೆಂಕಾ ವ್ಯಾಪಾರಿ, ಅವರಿಗೆ ಕಲಿಸಿದ ಸಯಾಜಿ ಊ ಬಾ ಖಿನ್ ಬರ್ಮಾ ಸರ್ಕಾರದ ಅಕೌಂಟೆಂಟ್ ಜನರಲ್. ಇಬ್ಬರೂ ಸಂಸಾರಸ್ಥರೇ, ಲೆಕ್ಕಪತ್ರದವರೇ. ಬೆಳಿಗ್ಗೆ 4ಕ್ಕೆ ಗಂಟೆ ಹೊಡೆಯುತ್ತಾರೆ, ರಾತ್ರಿ ಊಟವಿಲ್ಲ, ಮಾತಿಲ್ಲ, ಫೋನು ಮೊದಲ ದಿನವೇ ಅವರ ಕೈಗೆ. ಮೊದಲ 3 ದಿನ ಬರೀ ಮೂಗಿನ ಬಳಿಯ ಉಸಿರು. ಖಿನ್ನತೆಗೋ ಆತಂಕಕ್ಕೋ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ವೈದ್ಯರನ್ನು ಕೇಳಿ, ಅರ್ಜಿಯಲ್ಲಿ ಮುಚ್ಚಿಡದೆ ಬರೆಯಿರಿ. ಮೊಣಕಾಲು ಬಗ್ಗದಿದ್ದರೆ ಕುರ್ಚಿ ಕೇಳಲು ಸಂಕೋಚ ಬೇಡ, ಕೊಡುತ್ತಾರೆ.

– ಸಂ.