‘ಇವತ್ತೇ ಫೋಟೋ ಅಳಿಸಿಹೋಗುತ್ತವೆ’: ನಿದ್ದೆ ಕೆಡಿಸಿದ ಒಂದು ಮೇಲ್

ಇವರನ್ನು ರಾಯರು ಎನ್ನೋಣ. ಅರವತ್ತು ದಾಟಿದವರು, ಸರ್ಕಾರಿ ಕಚೇರಿಯಲ್ಲಿ ಲೆಕ್ಕಪತ್ರ ನೋಡಿಕೊಂಡು ನಿವೃತ್ತರಾದವರು. ಗುರುತು ಸಿಗದ ಹಾಗೆ ವಿವರ ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆಯಿದೆ.

ಸಲಹೆಗೆಂದು ನನ್ನ ಬಳಿ ಕರೆದುಕೊಂಡು ಬಂದದ್ದು ಅವರ ಹೆಂಡತಿ. “ರಾತ್ರಿ ಎರಡು ಗಂಟೆಗೆ ಎದ್ದು ಫೋನ್ ಹಿಡ್ಕೊಂಡು ಕೂತಿರ್ತಾರೆ ಮೇಡಂ. ಏನು ಅಂತ ಕೇಳಿದ್ರೆ ರೇಗ್ತಾರೆ” ಎಂದರು. ಮೊದಲ ಭೇಟಿಯಲ್ಲಿ ರಾಯರು ಬಿ.ಪಿ. ಮತ್ತು ನಿದ್ದೆ ಬಿಟ್ಟು ಬೇರೇನೂ ಮಾತಾಡಲಿಲ್ಲ. ಎರಡನೇ ಸಲ ಒಬ್ಬರೇ ಇದ್ದಾಗ, “ಫೋನಲ್ಲಿ ಏನು ನೋಡ್ತಾ ಇರ್ತೀರಿ ಸರ್?” ಎಂದು ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಫೋನನ್ನೇ ನನ್ನ ಕೈಗೆ ಕೊಟ್ಟರು.

ಮೇಲ್‌ಬಾಕ್ಸ್ ತುಂಬಾ ಒಂದೇ ಬಗೆಯ ಮೇಲ್‌ಗಳು. ಮೋಡದ ಚಿತ್ರ, ಕೆಂಪು ಪಟ್ಟಿ. ‘ನಿಮ್ಮ ಸ್ಟೋರೇಜ್ ಭರ್ತಿಯಾಗಿದೆ, ಇವತ್ತೇ ಹಣ ಕಟ್ಟದಿದ್ದರೆ ಎಲ್ಲ ಫೋಟೋ, ವಿಡಿಯೋ ಅಳಿಸಿಹೋಗುತ್ತವೆ’ ಎನ್ನುವ ಇಂಗ್ಲಿಷ್ ಎಚ್ಚರಿಕೆ. ಮಗಳ ಮದುವೆ, ಮೊಮ್ಮಗನ ನಾಮಕರಣ, ತೀರಿಹೋದ ಅಣ್ಣನ ಕೊನೆಯ ವಿಡಿಯೋ ಎಲ್ಲ ಅದೇ ಫೋನಿನಲ್ಲಿ. ಹೆದರಿ ಕಾರ್ಡ್ ನಂಬರ್ ಕೊಟ್ಟು ಸಣ್ಣ ಮೊತ್ತ ಕಟ್ಟಿದ್ದರು. ಆಮೇಲೆ ಖಾತೆಯಿಂದ ದೊಡ್ಡ ಮೊತ್ತ ಹೋಯಿತು. ಮೇಲ್ ಮಾತ್ರ ನಿಲ್ಲಲಿಲ್ಲ. ಆಗ ರಾತ್ರಿ ಕೂತು, ಜಾಗ ಮಾಡಲಿಕ್ಕೆಂದು ತಾವೇ ಫೋಟೋ ಅಳಿಸತೊಡಗಿದರು.

ನನಗೆ ತುಂಬಾ ಸಂಕಟವಾದದ್ದು ಇಲ್ಲಿ. ಯಾವ ಕಂಪನಿಯೂ ಅವರ ಒಂದು ಫೋಟೋ ಮುಟ್ಟಿರಲಿಲ್ಲ. ಕಳೆದುಕೊಳ್ಳುವ ಭಯದಲ್ಲಿ ಅವರೇ ಕಳೆದುಕೊಳ್ಳುತ್ತಿದ್ದರು. “ನಲವತ್ತು ವರ್ಷ ಬೇರೆಯವರ ಲೆಕ್ಕ ತಪ್ಪು ಹಿಡಿದವನು ನಾನು. ಇದನ್ನ ಮನೇಲಿ ಹೇಗೆ ಹೇಳಲಿ?” ಎಂದರು. ನಿದ್ದೆ ಕೆಡಿಸಿದ್ದು ಹೋದ ದುಡ್ಡಿಗಿಂತ ಜಾಸ್ತಿ ಈ ನಾಚಿಕೆಯೇ.

ಬುದ್ಧಿ ಇಲ್ಲದವರು ಮಾತ್ರ ಇಂಥ ಮೋಸದ ಮೇಲ್‌ಗೆ ಬೀಳುತ್ತಾರೆ ಎನ್ನುವುದು ಸುಳ್ಳು. ಆ ಮೇಲ್ ಹಿಡಿದದ್ದು ಅವರ ಪ್ರೀತಿಯನ್ನು. ಇದನ್ನು ಅವರಿಗೆ ನೇರವಾಗಿಯೇ ಹೇಳಿದೆ.

ಆಮೇಲೆ ಕೆಲಸಕ್ಕೆ ಇಳಿದೆವು. ಮೇಲ್‌ನಲ್ಲಿದ್ದ ಲಿಂಕ್ ಮುಟ್ಟದೆ, ಆ್ಯಪ್ ತೆರೆದು ಅವರ ಗೂಗಲ್ ಖಾತೆಯ ಸ್ಟೋರೇಜ್ ನೋಡಿದೆವು. ಉಚಿತವಾಗಿ ಸಿಗುವ 15 ಜಿ.ಬಿ.ಯಲ್ಲಿ ಅರ್ಧವೂ ತುಂಬಿರಲಿಲ್ಲ! ಜಿಮೇಲ್, ಡ್ರೈವ್, ಫೋಟೋಸ್ ಮೂರಕ್ಕೂ ಸೇರಿ ಇರುವ ಜಾಗ ಅದು. ಫೋನಿನ ಒಳಗಿನ ಜಾಗ ಬೇರೆ, ಇದು ಬೇರೆ. ಈ ಎರಡನ್ನು ಕಲಸಿಕೊಂಡು ಹೆದರುವವರು ಬಹಳ ಜನ.

ಇನ್ನೊಂದು ವಿಷಯ ಕೇಳಿ ಅವರ ಮುಖ ಸಡಿಲವಾಯಿತು. ಜಾಗ ನಿಜವಾಗಿ ತುಂಬಿದರೂ ಗೂಗಲ್ ಅದೇ ದಿನ ಏನನ್ನೂ ಅಳಿಸುವುದಿಲ್ಲ. ಹೊಸ ಫೋಟೋ ಗೂಗಲ್ ಖಾತೆಗೆ ಸೇರುವುದಿಲ್ಲ, ಮೇಲ್ ಬರುವುದು ಹೋಗುವುದು ನಿಲ್ಲಬಹುದು. ಎರಡು ವರ್ಷ ಮಿತಿ ಮೀರಿಯೇ ಇದ್ದರೆ ಅಳಿಸುವ ಮಾತು ಬರುತ್ತದೆ, ಅದಕ್ಕೂ ಮೊದಲೇ ತಿಳಿಸುತ್ತಾರೆ. ಹಾಗಾಗಿ ನಿಜವಾದ ಎಚ್ಚರಿಕೆಯನ್ನೂ ಕಡೆಗಣಿಸಬಾರದು, ಆದರೆ ರಾತ್ರೋರಾತ್ರಿ ಓಡಬೇಕಾಗಿಲ್ಲ. ಸಾಚಾ ಕಂಪನಿಗಳೂ ಕೆಲವೊಮ್ಮೆ ಸುಳ್ಳು ಅವಸರ ಹುಟ್ಟಿಸಿ ಮಾರುವುದುಂಟು. 2023ರಲ್ಲಿ ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ ‘ಡಾರ್ಕ್ ಪ್ಯಾಟರ್ನ್’ ಎಂದು ಪಟ್ಟಿ ಮಾಡಿದ 13 ಕುಟಿಲ ತಂತ್ರಗಳಲ್ಲಿ ಇದೂ ಒಂದು.

ಅಳಿಸಿದ ಫೋಟೋಗಳಿಗಾಗಿ ಫೋಟೋಸ್ ಆ್ಯಪ್‌ನ ಟ್ರ್ಯಾಶ್ (ಕಸದ ಬುಟ್ಟಿ) ತೆರೆದೆವು. ಬ್ಯಾಕಪ್ ಆದ, ಅಂದರೆ ಗೂಗಲ್ ಖಾತೆಗೂ ಒಂದು ಪ್ರತಿ ಹೋಗಿರುವ ಫೋಟೋ ಅಲ್ಲಿ 60 ದಿನ ಇರುತ್ತದೆ. ಬಹಳಷ್ಟು ವಾಪಸ್ ಬಂದವು. ಅಣ್ಣನ ವಿಡಿಯೋ ಕಂಡಾಗ ಅವರು ಅತ್ತರು. ಅಳಲಿ ಎಂದು ನಾನೂ ಸುಮ್ಮನಿದ್ದೆ.

ಬ್ಯಾಂಕಿಗೆ ಫೋನ್ ಮಾಡಿ ಕಾರ್ಡ್ ಬ್ಲಾಕ್ ಮಾಡಿಸಿ, ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ದೂರು ಕೊಡಿ ಎಂದು ಅಲ್ಲೇ ಹೇಳಿದೆ. ದುಡ್ಡು ಹೋದ ತಕ್ಷಣ ಈ ಸಂಖ್ಯೆಗೆ ತಿಳಿಸಿದಷ್ಟೂ ಅದನ್ನು ತಡೆಯುವ ಸಾಧ್ಯತೆ ಹೆಚ್ಚು. ಅವರು ಮುಚ್ಚಿಟ್ಟದ್ದರಿಂದ ಆ ಹೊತ್ತು ಕೈಬಿಟ್ಟುಹೋಗಿತ್ತು. ಅದಕ್ಕೇ ಮನೆಯವರ ಪಾತ್ರ ದೊಡ್ಡದು ಎನ್ನುತ್ತೇನೆ. ಹೆಂಡತಿಯನ್ನು ಒಳಗೆ ಕರೆದು ಎಲ್ಲವನ್ನೂ ಹೇಳಲು ರಾಯರಿಗೆ ಧೈರ್ಯ ಕೊಟ್ಟೆ. “ಅಷ್ಟೂ ಗೊತ್ತಾಗಲಿಲ್ವಾ ಅಂತ ಮಾತ್ರ ಕೇಳಬೇಡಿ ಅಮ್ಮ” ಎಂದು ಅವರಿಗೆ ಹೇಳಿದೆ. ಹಾಗೆ ಕೇಳಿದರೆ ಮುಂದಿನ ಸಲ ಬಾಯಿ ಬಿಡುವುದಿಲ್ಲ ಅಲ್ವಾ?

ರಾಯರಿಗೆ ಕೊಟ್ಟ ಸಲಹೆ ಇಷ್ಟು. ‘ಇವತ್ತೇ’ ಎನ್ನುವ ಯಾವ ಮೆಸೇಜ್ ಬಂದರೂ ಒತ್ತುವ ಮೊದಲು ಮನೆಯಲ್ಲಿ ಒಬ್ಬರಿಗೆ ಓದಿ ಹೇಳಿ. ರಾತ್ರಿ ಫೋನ್ ಹಾಲ್‌ನಲ್ಲಿರಲಿ. ಬೇಕಾದ ಫೋಟೋಗಳ ಇನ್ನೊಂದು ಪ್ರತಿ ಹಾರ್ಡ್‌ಡಿಸ್ಕಿನಲ್ಲಿ ಇಡಿ, ಮಗಳಿಗೂ ಒಂದು ಕೊಡಿ. ಒಂದೇ ಕಡೆ ಇದ್ದಾಗಲೇ ಭಯಕ್ಕೆ ಬಲ ಬರುವುದು.

ಈಗ ನಿದ್ದೆ ಸುಧಾರಿಸಿದೆ, ಪೂರ್ತಿ ಅಲ್ಲ. ದುಡ್ಡು ಇನ್ನೂ ಬಂದಿಲ್ಲ. ನಾಮಕರಣದ ಕೆಲವು ಫೋಟೋ ಟ್ರ್ಯಾಶ್‌ನಲ್ಲೂ ಸಿಗಲಿಲ್ಲ. ಬೀಗರ ಫೋನುಗಳಲ್ಲಿ ಹುಡುಕುವ ಕೆಲಸವನ್ನು ಮಗಳು ವಹಿಸಿಕೊಂಡಿದ್ದಾಳೆ.